ಸೋತವನಿಗೆ ಮೊದಲ ಪಾಳಿ

ಹೊತ್ತು ಇಳಿಯುವ ಸಮಯದಲ್ಲಿ ಗೋಕಾಕದ ಓಣಿಯಲ್ಲಾಗಲಿ, ಮೂಡಲಗಿಯ ಬಯಲಿನಲ್ಲಾಗಲಿ, ಹುಕ್ಕೇರಿಯ ಶಾಲೆಯಂಗಳದಲ್ಲಾಗಲಿ ಹುಡುಗರು ಕಬಡ್ಡಿಗೆಂದು ಕೂಡಿದ ನೋಟವನ್ನು ಕಾಣದವರಾರು? ಆಟಕ್ಕೆ ಮೊದಲು ಅಲ್ಲೊಂದು ಚಿಕ್ಕ ನ್ಯಾಯಸಭೆಯು ನೆರೆಯುವದು. ಇಬ್ಬರು ಬಲ್ಲಿದರು ನಾಯಕರಾಗಿ ನಿಲ್ಲುವರು. ಉಳಿದವರಲ್ಲಿ ಸರಿಸಮಾನ ಬಲದವರು ಇಬ್ಬಿಬ್ಬರಾಗಿ ಹೆಗಲ ಮೇಲೆ ಕೈಹಾಕಿಕೊಂಡು ದೂರ ಹೋಗಿ, ತಮಗೆ ಗುಟ್ಟಿನ ಹೆಸರುಗಳನ್ನಿಟ್ಟುಕೊಂಡು ತಿರುಗಿ ಬಂದು, "ಸೂರ್ಯ ಬೇಕೋ, ಚಂದ್ರ ಬೇಕೋ?" ಎಂದು ಕೇಳುವರು. ನಾಯಕನು ಯಾವ ಹೆಸರನ್ನು ಬೇಡಿದನೋ ಆ ಹುಡುಗನು ಅವನ ಕಡೆಗೆ. ಇನ್ನೊಬ್ಬನು ಎದುರು ಕಡೆಗೆ. ಮುಂದಿನ ಜೋಡಿಯನ್ನು ಬೇಡುವ ಪಾಳಿ ಎರಡನೆಯ ನಾಯಕನದು.

ಈ ಪದ್ಧತಿಯ ಜಾಣತನವನ್ನು ನಾವು ಸಾಮಾನ್ಯವಾಗಿ ಗಮನಿಸುವದಿಲ್ಲ. ನಾಯಕನಿಗೆ ತಾನು ಯಾರನ್ನು ಬೇಡಿದೆನೆಂಬುದೇ ತಿಳಿಯದಿರುವದರಿಂದ ಎರಡೂ ಕಡೆಯ ಬಲವು ಸಮನಾಗುವದಲ್ಲದೆ, ಯಾವ ಹುಡುಗನೂ "ನನ್ನನ್ನು ಕಟ್ಟಕಡೆಗೆ ಆರಿಸಿದರು" ಎಂದು ಅಳುತ್ತ ಮನೆಗೆ ಬರುವದಿಲ್ಲ. ಹೆಸರು ಹಿಡಿದು ಕರೆಯುವಲ್ಲಿ ಮಾತ್ರ ಒಬ್ಬನು ಕೊನೆಗೆ ಉಳಿದೇ ಉಳಿಯುವನು. ಅಂಥ ಮಗುವಿನ ಮೋರೆಯನ್ನು ಕಂಡ ತಾಯಂದಿರಿಗೆ, ಆಟಗಾರರನ್ನು ಹಂಚುವ ನಿಯಮವು ಆಟದಷ್ಟೇ ದೊಡ್ಡ ವಿಷಯವೆಂದು ಬೇರೆ ಹೇಳಬೇಕಾಗಿಲ್ಲ.

ದೊಡ್ಡವರ ಲೋಕದಲ್ಲಿ ಇದೇ ನ್ಯಾಯವು ಕೋಟಿಗಟ್ಟಲೆಯ ವ್ಯವಹಾರವಾಗಿ ಬೆಳೆದಿರುವದು. ನಮಗೆ ಕ್ರಿಕೆಟ್ ಹೇಗೋ ಅಮೇರಿಕದವರಿಗೆ ಬೇಸ್‌ಬಾಲ್ ಹಾಗೆ. ಅಲ್ಲಿ ಮೊದಲು ಹಣವಂತ ತಂಡಗಳು ಹೆಚ್ಚು ಬೆಲೆ ಕೊಟ್ಟು ಒಳ್ಳೆಯ ತರುಣರನ್ನೆಲ್ಲ ತಮ್ಮ ಕಡೆಗೆ ಸೆಳೆದುಕೊಳ್ಳುತ್ತಿದ್ದವು. ಇದಕ್ಕೆ ಕಡಿವಾಣ ಹಾಕಲು 1965ರಲ್ಲಿ ಹೊಸ ಪದ್ಧತಿಯನ್ನು ತಂದರು. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಹೊಸ ತರುಣರನ್ನು ಆರಿಸುವ ಮುಂಚಿನ ಪಾಳಿ. ಹೆಚ್ಚು ಗೆದ್ದುದಕ್ಕೆ ಹಿಂದಿನ ಪಾಳಿ. ಗೆದ್ದವನೇ ಸದಾ ಗೆಲ್ಲುತ್ತಿದ್ದರೆ ನೋಡುವವರಿಗೆ ಬೇಸರ, ಆಡುವವರಿಗೆ ನಿರಾಶೆ. ಸೋತವನಿಗೆ ನಾಳೆಯ ಆಸೆಯನ್ನು ಉಳಿಸುವದೇ ಈ ನಿಯಮದ ತಿರುಳು.

ಇದರ ಬೆನ್ನಿಗೇ ಮನೆಯಲ್ಲಿ ಕುಳಿತು ಆಡುವ ಒಂದು ಕಲ್ಪನೆಯ ಆಟವೂ ಹುಟ್ಟಿತು. 1980ರಲ್ಲಿ ನ್ಯೂಯಾರ್ಕಿನ ಡೇನಿಯಲ್ ಓಕ್ರೆಂಟ್ ಎಂಬ ಲೇಖಕರೂ ಅವರ ಗೆಳೆಯರೂ ಕೂಡಿ, ತಾವೇ ತಂಡಗಳ ಒಡೆಯರೆಂದು ಭಾವಿಸಿ, ನಿಜವಾದ ಆಟಗಾರರ ಹೆಸರುಗಳನ್ನು ಕಾಗದದ ಮೇಲೆ ತಮ್ಮಲ್ಲಿ ಹಂಚಿಕೊಂಡರು. ಆ ಆಟಗಾರರು ಬಯಲಿನಲ್ಲಿ ತೋರಿದ ಪರಾಕ್ರಮವೇ ಇವರ ಲೆಕ್ಕದಲ್ಲಿ ಅಂಕಗಳಾಗುತ್ತಿದ್ದವು. ಮುಂದೆ ಕೆಲವರು ಅದೇ ತಂಡವನ್ನು ವರುಷ ವರುಷಕ್ಕೂ ಇಟ್ಟುಕೊಳ್ಳತೊಡಗಿದರು. ಆಗ ಇನ್ನೂ ಹೆಸರು ಪಡೆಯದ, ಮುಂದೆ ಬೆಳಗಬಹುದಾದ ಎಳೆಯರನ್ನು ಹಂಚುವದು ಹೇಗೆಂಬ ಪ್ರಶ್ನೆಯೆದ್ದಿತು. ನಮ್ಮ ಕ್ರಿಕೆಟಿಗೆ ಹೊಂದಿಸಿಕೊಂಡರೆ ಈ ಆಟವು ರಜೆಯ ದಿನಗಳಲ್ಲಿ ಕುಟುಂಬಕ್ಕೆ ಒಳ್ಳೆಯ ವಿನೋದವಾಗುವದು.

ಒಂದೇ ಮನೆತನದ ಮೂರು ಮನೆಗಳು ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿವೆಯೆಂದು ಭಾವಿಸೋಣ. ಅಣ್ಣತಮ್ಮಂದಿರ ಮಕ್ಕಳು ಮನೆಗೊಂದು ವಹಿಯನ್ನಿಟ್ಟು, ತಲೆಗೆ ಹನ್ನೊಂದು ಆಟಗಾರರನ್ನು ಬರೆದುಕೊಳ್ಳಲಿ. ಅದರ ಹೊರತಾಗಿ ಪ್ರತಿಯೊಬ್ಬರಿಗೂ ಮೂರು ಸಾಲಿನ ಒಂದು ಸಸಿಮಡಿ ಇರಲಿ. ಹತ್ತೊಂಬತ್ತರೊಳಗಿನವರ ಕೂಚ್ ಬೆಹಾರ್ ಟ್ರೋಫಿಯಂಥ ಪಂದ್ಯಾಟಗಳಲ್ಲಿ ಕಣ್ಣಿಗೆ ಬಿದ್ದ ಎಳೆಯರ ಹೆಸರುಗಳು ಅಲ್ಲಿಗೆ. ಯಾರನ್ನು ಎಳೆಯರೆನ್ನಬೇಕೆಂಬುದನ್ನು ಮೊದಲೇ ಬರೆದಿಡುವದು ಅವಶ್ಯ. ರಾಜ್ಯದ ಹಿರಿಯರ ತಂಡದಲ್ಲಿ ಐದು ಪಂದ್ಯಗಳನ್ನಾಡದವರೆಂದರೆ ಸಾಕು. ನಡುವೆ ನಿಯಮ ಬದಲಿಸುವದೇ ಎಲ್ಲ ಜಗಳಗಳ ಮೂಲ.

ಇನ್ನು ಪಾಳಿಯ ಮಾತು. ಗೋಕಾಕದವನು ಮೊದಲು, ಮೂಡಲಗಿಯವನು ಎರಡನೆಯದಾಗಿ, ಹುಕ್ಕೇರಿಯವನು ಕೊನೆಗೆ ಆರಿಸಿದನೆನ್ನಿರಿ. ಎರಡನೆಯ ಸುತ್ತು ಹುಕ್ಕೇರಿಯಿಂದ ಆರಂಭವಾಗಿ ಗೋಕಾಕದಲ್ಲಿ ಮುಗಿಯತಕ್ಕದ್ದು. ಹಾವಿನ ನಡೆಯಂತೆ ಹೀಗೆ ಹೋಗಿ ಹಾಗೆ ಬರುವದರಿಂದ ಕೊನೆಯವನಿಗೆ ಒಮ್ಮೆಲೆ ಎರಡು ಆಯ್ಕೆಗಳು ದೊರೆತು ಹಾನಿಯು ತುಂಬುವದು. ಮರುವರ್ಷ ಎಳೆಯರನ್ನು ಆರಿಸುವಾಗ ಸೋತವನಿಗೆ ಮುಂಚಿನ ಅವಕಾಶ.

ಆದರೆ ಇಲ್ಲೊಂದು ಅಪಾಯವುಂಟು. ಮೊದಲ ಪಾಳಿಯ ಆಸೆಗೆ ಜಾಣನೊಬ್ಬನು ಬೇಕೆಂದೇ ಸೋಲಬಹುದು! ಅಮೇರಿಕದಲ್ಲಿಯೂ ಈ ಸಂಶಯವು ಹುಟ್ಟಿ, 2023ರ ಆಯ್ಕೆಯಿಂದ ಮುಂಚಿನ ಪಾಳಿಗಳನ್ನು ಚೀಟಿಯೆತ್ತಿ ನಿರ್ಣಯಿಸುತ್ತಿರುವರು. ನಾವು ಅದನ್ನು ಒಂದು ತಂಬಿಗೆಯಲ್ಲಿ ಮಾಡಬಹುದು. ಕೊನೆಯವನ ಹೆಸರಿನ ಮೂರು ಚೀಟಿ, ನಡುವಿನವನವು ಎರಡು, ಗೆದ್ದವನದು ಒಂದು. ಮನೆಯ ಅತ್ಯಂತ ಕಿರಿಯ ಮಗುವು ಒಂದನ್ನೆತ್ತಲಿ. ಆರರಲ್ಲಿ ಮೂರು ಪಾಲು ಸೋತವನ ಕಡೆಗಿದ್ದರೂ ಖಾತ್ರಿಯಂತೂ ಇಲ್ಲ. ಆದುದರಿಂದ ಬೇಕೆಂದು ಸೋಲುವ ಹಂಬಲವು ಕುಗ್ಗುವದು. ಇನ್ನೊಂದು ಕಟ್ಟಳೆ: ಸಸಿಯನ್ನು ಮಡಿಯಲ್ಲಿಯೇ ಬಹುಕಾಲ ಬಿಟ್ಟರೆ ಅದು ಬಲಿತು ಕೆಡುವದೆಂಬುದನ್ನು ರೈತರಾದ ನಿಮಗೆ ನಾನು ಹೇಳಬೇಕೆ? ಎರಡು ವರುಷಗಳೊಳಗೆ ಆ ಎಳೆಯನನ್ನು ಹನ್ನೊಂದರೊಳಗೆ ನೆಡದಿದ್ದರೆ ಅವನನ್ನು ಬಿಟ್ಟುಕೊಡಬೇಕು. ಆಗ ಕೂಡಿಟ್ಟುಕೊಳ್ಳುವ ಲೋಭಕ್ಕೆ ಎಡೆಯಿಲ್ಲ.

ಎಳೆಯರ ಭವಿಷ್ಯವನ್ನು ಅಳೆಯುವದು ಎಷ್ಟು ಕಠಿಣವೆಂಬುದಕ್ಕೆ ನಮ್ಮ ನಾಡಿನ ನಿದರ್ಶನವೇ ಇದೆ. 2008ರ ಮಾರ್ಚಿನಲ್ಲಿ ಭಾರತದ ಹತ್ತೊಂಬತ್ತರೊಳಗಿನವರ ತಂಡವು ಕ್ವಾಲಾಲಂಪುರದಲ್ಲಿ ವಿಶ್ವಕಪ್ಪನ್ನು ಗೆದ್ದು ಬಂದಿತು. ಅದೇ ವರ್ಷ ಆರಂಭವಾಗಲಿದ್ದ ಐ.ಪಿ.ಎಲ್. ಪಂದ್ಯಾಟಕ್ಕಾಗಿ ಆ ಹುಡುಗರನ್ನು ಹರಾಜಿಗಿಡದೆ ಪಾಳಿಯ ಪ್ರಕಾರ ಹಂಚಿದರು. ದಿಲ್ಲಿಯ ತಂಡವು ತನ್ನ ಊರಿನವರೇ ಆದ ನಾಯಕ ವಿರಾಟ್ ಕೊಹ್ಲಿಯವರನ್ನು ಬಿಟ್ಟು, ಪ್ರದೀಪ ಸಾಂಗವಾನ್ ಎಂಬ ಎಡಗೈ ವೇಗದ ಚೆಂಡೆಸೆತಗಾರರನ್ನು ಆರಿಸಿತು. ಕೊಹ್ಲಿಯವರು ಬೆಂಗಳೂರಿಗೆ ಬಂದರು. 2025ರ ಜೂನಿನಲ್ಲಿ ಬೆಂಗಳೂರು ಮೊದಲ ಬಾರಿಗೆ ಐ.ಪಿ.ಎಲ್. ಕಿರೀಟವನ್ನು ಪಡೆದಾಗಲೂ ಅವರು ಅದೇ ತಂಡದಲ್ಲಿದ್ದರು. ದಿಲ್ಲಿಯವರನ್ನು ಹಳಿಯುವದು ಸುಲಭ. ಆದರೆ ಆಯ್ಕೆಯೆಂಬುದು ಎಷ್ಟೋ ಸಲ ಆ ಹೊತ್ತಿನ ಕೊರತೆಯನ್ನು ನೋಡಿ ಮಾಡುವದೇ ಹೊರತು ಯೋಗ್ಯತೆಯ ತೀರ್ಪಲ್ಲ.

ಹೆಣ್ಣುಮಕ್ಕಳನ್ನೂ ಈ ವಹಿಯಿಂದ ಹೊರಗಿಡಲಾಗದು. 2023ರ ಮಹಿಳಾ ಪ್ರೀಮಿಯರ್ ಲೀಗಿನ ಮೊದಲ ಹರಾಜಿನಲ್ಲಿ ಕರ್ನಾಟಕದ ಶ್ರೇಯಾಂಕಾ ಪಾಟೀಲರನ್ನು ಬೆಂಗಳೂರು 10 ಲಕ್ಷ ರೂಪಾಯಿಗಳಿಗೆ ಕೊಂಡಿತು. ಮರುವರ್ಷ ಅವರು 13 ವಿಕೆಟ್ಟುಗಳನ್ನು ಪಡೆದು ಆ ಪಂದ್ಯಾಟದಲ್ಲಿ ಎಲ್ಲರಿಗಿಂತ ಮುಂದಾದರು. ಅವರ ತಂಡವೂ ಗೆದ್ದಿತು.

ಕೊನೆಗೆ ಹಿರಿಯರಿಗೊಂದು ವಿಜ್ಞಾಪನೆ. ಈ ಆಟಕ್ಕೆ ಹಣದ ಪಣವು ಸೇರಿದೊಡನೆ ಅದು ವಿನೋದವಾಗಿ ಉಳಿಯುವದಿಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಆಡಿಸುವ ಇಂಥ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಮನೆಯಾಟದ ಗೆದ್ದವನಿಗೆ ಗೋಕಾಕದ ಕರದಂಟಿನ ಒಂದು ಪೊಟ್ಟಣ ಸಾಕು. ಅದನ್ನೂ ಹಂಚಿಕೊಂಡೇ ತಿನ್ನಬೇಕು. ವಹಿಯಲ್ಲಿಯ ಪ್ರತಿ ಹೆಸರಿನ ಹಿಂದೆ ಯಾರದೋ ಮನೆಯ ಮಗನೋ ಮಗಳೋ ಇರುವರೆಂಬುದನ್ನು ಮಕ್ಕಳಿಗೆ ತಿಳಿಹೇಳಿರಿ. ಒಂದು ದಿನ ಓಟ ಗಳಿಸದವನನ್ನು ಬೈಯುವ ನಾಲಗೆಯು ನಾಳೆ ಓಣಿಯ ದುರ್ಬಲ ಹುಡುಗನನ್ನೂ ಬೈಯುವದು.

ಸೋತವನಿಗೆ ಮೊದಲ ಪಾಳಿ ಕೊಡುವದನ್ನು ಕಲಿತ ಮಗುವು ಊಟದ ಪಂಕ್ತಿಯಲ್ಲಿಯೂ ನೆರೆಹೊರೆಯಲ್ಲಿಯೂ ಆ ನಡೆಯನ್ನು ಮರೆಯಲಾರದು. ಮುಂದಿನ ರಜೆಯಲ್ಲಿ ಮೂರು ಮನೆಗಳ ಮಕ್ಕಳು ಕೂಡಿದಾಗ ತಂಬಿಗೆಯನ್ನೂ ಆರು ಚೀಟಿಗಳನ್ನೂ ಸಿದ್ಧಪಡಿಸಿಡಿರಿ.