ಕಪ್ಪು ಪುಡಿಯ ಹೊಸ ಕೆಲಸ

ಬೇಸಿಗೆಯಲ್ಲಿ ಸೀಲಿಂಗ್ ಫ್ಯಾನು ಬಲಗುಂದಿ ತಿರುಗತೊಡಗಿದರೆ, ಎಲೆಕ್ಟ್ರಿಷಿಯನ್ ಬಂದು ‘ಕಂಡೆನ್ಸರ್ ಹೋಗಿದೆ’ ಎನ್ನುವುದು ನಗರವಾಸಿಗಳಿಗೆಲ್ಲ ಪರಿಚಿತ. ವಿದ್ಯುದಂಶವನ್ನು ಕ್ಷಣಕಾಲ ಹಿಡಿದು ಬಿಡುವ ಆ ಪುಟ್ಟ ಡಬ್ಬಿಯ ಧಾರಣಶಕ್ತಿಯನ್ನು ಫ್ಯಾರಡ್ ಎಂಬ ಮಾನದಿಂದ ಅಳೆಯುತ್ತಾರೆ. ಸಾಮಾನ್ಯವಾಗಿ ಅದು ಒಂದು ಫ್ಯಾರಡಿನ ಹತ್ತು ಲಕ್ಷದಲ್ಲಿ ಎರಡೂವರೆ ಭಾಗದಷ್ಟು. ಅದೇ ವಂಶದ ದೊಡ್ಡ ಸೂಪರ್ ಕೆಪಾಸಿಟರ್‌ಗಳಾದರೋ ಸಾವಿರಾರು ಫ್ಯಾರಡ್‌ಗಳ ಶಕ್ತಿಯುಳ್ಳವು.

ಬ್ಯಾಟರಿಗೂ ಇದಕ್ಕೂ ಇರುವ ಅಂತರವು ನಿಶ್ಚಿತ ಠೇವಣಿಗೂ ಚಾಲ್ತಿ ಖಾತೆಗೂ ಇರುವಂತಹುದು. ಬ್ಯಾಟರಿಯಲ್ಲಿ ಸಂಗ್ರಹ ಹೆಚ್ಚು, ತುಂಬಲು ಕಾಲ ಬೇಕು. ಸೂಪರ್ ಕೆಪಾಸಿಟರಿನಲ್ಲಿ ಸಂಗ್ರಹ ಕಡಮೆ, ವಹಿವಾಟು ಅತಿ ಶೀಘ್ರ. 2006ರಲ್ಲಿ ಶಾಂಘೈ ನಗರದಲ್ಲಿ ಸಂಚಾರವನ್ನಾರಂಭಿಸಿದ ಕೆಲವು ಬಸ್ಸುಗಳು ನಿಲ್ದಾಣಗಳಲ್ಲಿ ನಿಂತಾಗಲೇ ವಿದ್ಯುತ್ತನ್ನು ತುಂಬಿಕೊಂಡು ಮುಂದೆ ಸಾಗಿದ್ದು ಈ ಗುಣದಿಂದಲೇ.

ಇದರ ವಿದ್ಯುದ್ವಾರಗಳು ಸಾಮಾನ್ಯವಾಗಿ ರಂಧ್ರಮಯ ಇಂಗಾಲದವು. ಅಲ್ಲಿ ವಿದ್ಯುದಂಶವು ಮೇಲ್ಮೈಯಲ್ಲಿ ಮಾತ್ರ ನಿಲ್ಲುತ್ತದೆ. ಕೆಲವು ಲೋಹಗಳ ಆಕ್ಸೈಡುಗಳಲ್ಲಾದರೆ ಮೇಲ್ಮೈಯ ಬಳಿ ಶೀಘ್ರವಾದ ರಾಸಾಯನಿಕ ಕ್ರಿಯೆಯೂ ನಡೆದು ಸಂಗ್ರಹ ಹೆಚ್ಚುತ್ತದೆ. ರುಥೇನಿಯಂ ಆಕ್ಸೈಡಿನ ಈ ಗುಣ 1971ರಲ್ಲಿ ಬೆಳಕಿಗೆ ಬಂದಿತು. 1995ರಲ್ಲಿ ನೀರಿನಂಶವುಳ್ಳ ಅದೇ ಆಕ್ಸೈಡು ಗ್ರಾಮಿಗೆ ಸುಮಾರು 720 ಫ್ಯಾರಡ್ ನೀಡಿತು. ಆದರೆ ರುಥೇನಿಯಂ ಪ್ಲಾಟಿನಂ ಬಳಗದ ವಿರಳ ಲೋಹ. ಅದರ ಬೆಲೆ ಜನಸಾಮಾನ್ಯರ ವಾಹನಕ್ಕೆ ಎಟುಕದು.

1999ರಲ್ಲಿ ಲೀ ಮತ್ತು ಗುಡ್‌ಇನಫ್ ಎಂಬ ವಿಜ್ಞಾನಿಗಳು ಮ್ಯಾಂಗನೀಸ್ ಡೈಆಕ್ಸೈಡಿನತ್ತ ಗಮನ ಸೆಳೆದರು. ಹಳೆಯ ಟಾರ್ಚ್ ಸೆಲ್ಲಿನೊಳಗಿನ ಕಪ್ಪು ಪುಡಿಯಲ್ಲಿರುವುದು ಇದೇ ವಸ್ತು. ಮ್ಯಾಂಗನೀಸ್ ಅದಿರು ನಮ್ಮ ಸಂಡೂರಿನ ಬೆಟ್ಟಗಳಲ್ಲಿಯೂ ಉಂಟು, ಬೆಲೆಯೂ ಅಗ್ಗ.

ಆದರೆ ಈ ಆಕ್ಸೈಡಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ದಪ್ಪ ಕಣದ ಒಳಭಾಗವು ಕೀಲಿ ಕಳೆದುಹೋದ ತಿಜೋರಿಯಂತೆ ನಿರುಪಯುಕ್ತ. ಇಲ್ಲಿಯೇ ನ್ಯಾನೋ ರಚನೆಯ ಮಹತ್ವ. ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರ್. ಕೆಲವೇ ನ್ಯಾನೋಮೀಟರ್ ದಪ್ಪದ ಸೂಜಿ ಅಥವಾ ಎಸಳುಗಳ ರೂಪದಲ್ಲಿ ಆಕ್ಸೈಡನ್ನು ಬೆಳೆಸಿ, ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಇಂಗಾಲಕ್ಕೆ ಲೇಪಿಸಿದರೆ, ಒಳಗಿನ ಹಣವೆಲ್ಲ ಕೌಂಟರಿಗೆ ಬಂದಂತಾಗುತ್ತದೆ.

ಲೆಕ್ಕದ ಪ್ರಕಾರ ಮ್ಯಾಂಗನೀಸ್ ಡೈಆಕ್ಸೈಡು ಗ್ರಾಮಿಗೆ ಸುಮಾರು 1370 ಫ್ಯಾರಡ್ ನೀಡಬಲ್ಲುದು. ಅತಿ ತೆಳುವಾದ ಪದರಗಳು ಆ ಅಂಕಿಯ ಸಮೀಪಕ್ಕೆ ಬಂದಿವೆ. ಉಪಯೋಗಕ್ಕೆ ಬೇಕಾದ ದಪ್ಪನೆಯ ವಿದ್ಯುದ್ವಾರಗಳಲ್ಲಿ ದೊರೆಯುವುದು ಬಹಳ ಕಡಮೆ. ಪದೇಪದೇ ತುಂಬಿ ಬರಿದು ಮಾಡುವಾಗ ಆಕ್ಸೈಡು ಸ್ವಲ್ಪಸ್ವಲ್ಪವಾಗಿ ಕರಗಿಹೋಗುವ ತೊಡಕೂ ಇದೆ. ಆದುದರಿಂದ ಪ್ರಯೋಗಶಾಲೆಯ ಗ್ರಾಮಿನ ಲೆಕ್ಕವನ್ನು ಕಂಡೊಡನೆ ಹಿಗ್ಗಬಾರದು. ಡಬ್ಬಿ, ದ್ರಾವಣ, ಆಯುಸ್ಸು, ಬೆಲೆ ಇವೆಲ್ಲವನ್ನೂ ಖರ್ಚಿನ ಕಡೆ ಬರೆದ ಮೇಲೆಯೂ ಲಾಭವೇ ಉಳಿದರೆ, ಆಗ ಈ ಕಪ್ಪು ಪುಡಿ ಬಡವರ ಬಸ್ಸನ್ನೂ ಓಡಿಸೀತು.