ಪಾಲುದಾರರ ಮನೆಯಲ್ಲಿ ವಾಸ: ಕೊಡುವ ಹಣ ಬಾಡಿಗೆಯೋ, ಖರ್ಚಿನ ಪಾಲೋ?

ಬೇಮಳಖೇಡದಂತಹ ಊರಿನಿಂದ ಹುಮನಾಬಾದಿಗೆ ಬಂದು ವ್ಯಾಪಾರ ನಡೆಸುವವರು ಪಾಲುದಾರರ ಮನೆಯ ಮೇಲಂತಸ್ತಿನಲ್ಲಿಯೇ ವಾಸವಾಗಿರುವುದುಂಟು. ತಿಂಗಳಿಗಿಷ್ಟು ಎಂದು ನಗದು ಕೊಡುತ್ತಾರೆ. ಅದು ಬಾಡಿಗೆಯೋ, ಮನೆಖರ್ಚಿನ ಪಾಲೋ, ಗೃಹಸಾಲದ ಕಂತಿನ ಪಾಲೋ ಎಂಬುದನ್ನು ಇಬ್ಬರೂ ಬರೆದಿಟ್ಟಿರುವುದಿಲ್ಲ. ತೆರಿಗೆಯ ದೃಷ್ಟಿಯಲ್ಲಿ ಈ ಮೂರೂ ಬೇರೆ ಬೇರೆ.

ವಿದ್ಯುತ್, ನೀರು, ದಿನಸಿಯ ವೆಚ್ಚವನ್ನು ಇದ್ದಷ್ಟೇ ಹಂಚಿಕೊಂಡರೆ ಮನೆಯ ಮಾಲೀಕರಿಗೆ ಆದಾಯವಿಲ್ಲ, ಕೊಟ್ಟವರಿಗೆ ಕಡಿತವೂ ಇಲ್ಲ. ಬಾಡಿಗೆಯಾದರೆ ಮಾಲೀಕರು ಅದನ್ನು ಗೃಹಸ್ವತ್ತಿನ ಆದಾಯವೆಂದು ತೋರಿಸತಕ್ಕದ್ದು. ಆ ಭಾಗಕ್ಕೆ ಪಾವತಿಸಿದ ಪುರಸಭೆಯ ತೆರಿಗೆ ಕಳೆದು, ಉಳಿದುದರಲ್ಲಿ ಶೇ. 30ರಷ್ಟು ಕಡಿತ ದೊರೆಯುತ್ತದೆ.

ಬಾಡಿಗೆ ಕೊಡುವ ವ್ಯಾಪಾರಿಗೆ 1961ರ ಕಾಯಿದೆಯ ಕಲಂ 80ಜಿಜಿ ರಿಯಾಯಿತಿ ನೀಡಿತ್ತು. 1-4-2026ರಿಂದ ಜಾರಿಗೆ ಬಂದ 2025ರ ಕಾಯಿದೆಯಲ್ಲಿಯೂ ಅದರ ತಿರುಳು ಉಳಿದಿದೆ. ಆದರೆ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಆದಾಯದ ಶೇ. 10ನ್ನು ಮೀರಿದ ಬಾಡಿಗೆ, ಆದಾಯದ ಶೇ. 25, ತಿಂಗಳಿಗೆ ರೂ. 5,000 – ಈ ಮೂರರಲ್ಲಿ ಕನಿಷ್ಠವಾದುದೇ ಕಡಿತ. ವ್ಯಾಪಾರದ ಊರಿನಲ್ಲಿ ಸ್ವಂತಕ್ಕಾಗಲಿ, ಪತ್ನಿಗಾಗಲಿ, ಅವಿಭಕ್ತ ಕುಟುಂಬಕ್ಕಾಗಲಿ ಮನೆಯಿದ್ದರೆ ಅದೂ ಇಲ್ಲ. ಬೇಮಳಖೇಡದಲ್ಲಿರುವ ತಮ್ಮದೇ ಮನೆಯನ್ನು ಸ್ವಂತ ವಾಸದ್ದೆಂದು ತೋರಿಸಿದರೂ ಇಲ್ಲ. ಈ ಕೊನೆಯ ಷರತ್ತಿನಲ್ಲಿಯೇ ಹಲವರು ಎಡವುತ್ತಾರೆ.

ಬಾಡಿಗೆ ತಿಂಗಳಿಗೆ ರೂ. 6,000, ವ್ಯಾಪಾರಿಯ ಆದಾಯ ರೂ. 5,00,000 ಎಂದಿಟ್ಟುಕೊಳ್ಳೋಣ. ವರ್ಷದ ಬಾಡಿಗೆ ರೂ. 72,000ದಲ್ಲಿ ರೂ. 50,000 ಕಳೆದರೆ ಕಡಿತ ರೂ. 22,000 ಮಾತ್ರ. ಪುರಸಭೆಯ ತೆರಿಗೆಯನ್ನು ಬದಿಗಿಟ್ಟರೆ ಮಾಲೀಕರ ಆದಾಯಕ್ಕೆ ಸೇರುವುದು ರೂ. 50,400. ಲಾಭದ ಆಸೆಯಿಂದ ಇಲ್ಲದ ಬಾಡಿಗೆಯನ್ನು ಸೃಷ್ಟಿಸುವವರು ಈ ಲೆಕ್ಕವನ್ನು ಮೊದಲು ನೋಡಬೇಕು. ಇರುವ ಬಾಡಿಗೆಯನ್ನು ಮುಚ್ಚಿಡುವುದೂ ಸಲ್ಲದು.

ಹೆಚ್ಚಿನ ನಷ್ಟವಾಗುವುದು ಕಂತಿನ ಪಾಲು ಕಟ್ಟುವವರಿಗೆ. ಗೃಹಸಾಲದ ಬಡ್ಡಿಯ ಕಡಿತ ಮಾಲೀಕರಿಗೆ ಮಾತ್ರ. ಹತ್ತು ವರ್ಷ ಅರ್ಧ ಕಂತು ಕಟ್ಟಿದರೂ ಕ್ರಯಪತ್ರದಲ್ಲಿ ಹೆಸರಿಲ್ಲದವರಿಗೆ ಆ ಕಡಿತವಿಲ್ಲ. ಮನೆಯಲ್ಲಿ ಹಕ್ಕು ತಾನಾಗಿ ಹುಟ್ಟುವುದೂ ಇಲ್ಲ. ಪಾಲುದಾರಿಕೆ ಮುರಿದ ದಿನ ಕೈಯಲ್ಲಿ ರಸೀದಿಯೂ ಇರುವುದಿಲ್ಲ. ಇತ್ತ ಮಾಲೀಕರೂ ನಿಶ್ಚಿಂತರಲ್ಲ: ವಾಸಕ್ಕೆ ಪ್ರತಿಯಾಗಿ ಬಂದ ಹಣವನ್ನು ‘ಕಂತಿನ ಪಾಲು’ ಎಂದು ಕರೆದ ಮಾತ್ರಕ್ಕೆ ಅಧಿಕಾರಿಗಳು ಅದನ್ನು ಬಾಡಿಗೆಯಲ್ಲವೆಂದು ಒಪ್ಪಬೇಕಾಗಿಲ್ಲ.

ಆದುದರಿಂದ ಬಾಡಿಗೆಗೆ ಕರಾರುಪತ್ರ ಮಾಡಿಕೊಂಡು ಚೆಕ್ ಮೂಲಕ ಪಾವತಿಸಿರಿ. ಮನೆಖರ್ಚಿಗೆ ಬೇರೆ ಪುಸ್ತಕವಿಡಿರಿ. ಮೇಲಂತಸ್ತು ಕಟ್ಟಲು ಪಾಲುದಾರರಿಗೆ ಸಾಲ ಕೊಡುವುದಿದ್ದರೆ ರೂ. 20,000 ಅಥವಾ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಕೊಡಬೇಡಿರಿ. ಸಾಲ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳುವ ಸಂಭವವಿದೆ.