ಮೂಲ್ಕಿಯ ಬುಧಿ ಕುಂದರನ್: ಎರವಲು ಕೈಗವಸಿನಿಂದ ನೂರ ತೊಂಬತ್ತೆರಡರವರೆಗೆ

ಮೂಲ್ಕಿಯ ಹೆಸರೆತ್ತಿದೊಡನೆ ನಮ್ಮ ಹೋಟೆಲು ಬಂಧುಗಳ ಕಣ್ಣೆದುರು ಬಪ್ಪನಾಡಿನ ದುರ್ಗಾಪರಮೇಶ್ವರಿಯ ಸನ್ನಿಧಿಯೂ, ಅಲ್ಲಿಯ ಡೋಲೂ, ಶಾಂಭವಿ ಹೊಳೆಯೂ ಬಂದು ನಿಲ್ಲುತ್ತವೆ. ಅದೇ ಮೂಲ್ಕಿಯಲ್ಲಿ 1939ನೆಯ ಇಸವಿ ಅಕ್ಟೋಬರ್ 2ರಂದು ಹುಟ್ಟಿ, ಮುಂಬಯಿಯ ಒಂದೇ ಖೋಲಿಯ ಮನೆಯಲ್ಲಿ ಬೆಳೆದು, ಭಾರತದ ಪರವಾಗಿ ಹದಿನೆಂಟು ಟೆಸ್ಟು ಪಂದ್ಯಗಳನ್ನಾಡಿದ ಶ್ರೀ ಬುಧಿಸಾಗರ ಕೃಷ್ಣಪ್ಪ ಕುಂದರನ್ ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಯ ಬಾಯಲ್ಲಿ ಬರುತ್ತದೆ? ಗಾವಸ್ಕರ್, ವಿಶ್ವನಾಥ್, ಕುಂಬ್ಳೆ, ದ್ರಾವಿಡ್ ಎಂದು ಲೆಕ್ಕ ಒಪ್ಪಿಸಿದಂತೆ ಹೇಳುವ ಗುಮಾಸ್ತ ಮಿತ್ರರೂ ಈ ಹೆಸರಿಗೆ ಬಂದಾಗ ತಡವರಿಸುವುದುಂಟು. ಕುಂದರ್ ಎಂಬುದು ನಮ್ಮ ಕರಾವಳಿಯಲ್ಲಿ ಮನೆಮಾತಾದ ಹೆಸರು. ಅದರ ಕೊನೆಗೆ ಇನ್ನೊಂದು ಅಕ್ಷರ ಸೇರಿಕೊಂಡುದರಿಂದ ಹೊರಗಿನವರು ಅವರನ್ನು ಮದರಾಸಿನವರೆಂದೋ ಮಲೆಯಾಳಿಯೆಂದೋ ಭಾವಿಸಿದರೆ ಅಚ್ಚರಿಯೇನೂ ಇಲ್ಲ. ನಮ್ಮವರೇ ಹಾಗೆ ಭಾವಿಸುವುದು ಮಾತ್ರ ಸಲ್ಲದು.

ಮುಂಬಯಿಯಲ್ಲಿ ಕ್ರಿಕೆಟ್ ಕಲಿಯಲು ಮೈದಾನಗಳಿಗೇನೂ ಕೊರತೆಯಿಲ್ಲ. ಆದರೆ ಚೆಂಡಾಟದಿಂದ ಹೊಟ್ಟೆ ತುಂಬುವುದಿಲ್ಲವೆಂದು ತಿಳಿದ ತಂದೆಗಳಿಗೂ ಇಲ್ಲಿ ಎಂದೂ ಕೊರತೆಯಿರಲಿಲ್ಲ. ಬಾಲಕ ಬುಧಿಯ ತಂದೆಯವರೂ ಆಟಕ್ಕೆ ಒಲಿದವರಾಗಿರಲಿಲ್ಲವಂತೆ. ಶಾಲೆಯ ತಂಡಕ್ಕೆ ಆಯ್ಕೆಯಾದಾಗ ಹುಡುಗನಿಗೆ ತೊಡಲು ಬಿಳಿಯ ಉಡುಪಿಲ್ಲ. ತಾಯಿ ಗಂಡನ ಬಿಳಿಯ ಬಟ್ಟೆಯನ್ನೇ ಮಗನ ಅಳತೆಗೆ ತಿದ್ದಿಸಿ ಕೊಟ್ಟರೆಂದೂ, ಆ ಉಡುಪಿನಲ್ಲಿ ಹುಡುಗನು ಇನ್ನೂರಕ್ಕೂ ಮಿಕ್ಕಿದ ರನ್ನು ಹೊಡೆದು, ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ ಬಂದಾಗಲೇ ಸಂಗತಿ ತಂದೆಗೆ ತಿಳಿಯಿತೆಂದೂ ಹೇಳುತ್ತಾರೆ. ಊರು ಬಿಟ್ಟು ಬಂದ ಸಂಸಾರಗಳಲ್ಲಿ ಮಕ್ಕಳ ಭಾಗ್ಯ ಹಲವು ಬಾರಿ ಹೀಗೆ ತಾಯಂದಿರ ಸೂಜಿದಾರದಲ್ಲೇ ನಿಂತಿರುವುದನ್ನು ನಾವು ಕಂಡಿದ್ದೇವೆ.

1959-60ರ ಚಳಿಗಾಲದಲ್ಲಿ ರಿಚಿ ಬೆನೋ ಅವರ ನೇತೃತ್ವದಲ್ಲಿ ಆಸ್ಟ್ರೇಲಿಯದ ತಂಡವು ಭಾರತಕ್ಕೆ ಬಂದಿತ್ತು. ದಿಲ್ಲಿಯ ಟೆಸ್ಟಿನಲ್ಲಿ ಒಬ್ಬ ವಿಕೆಟ್ ಕೀಪರ್, ಕಾನ್ಪುರದಲ್ಲಿ ನರೇನ್ ತಾಮ್ಹಾಣೆ. ಮೂರನೆಯ ಟೆಸ್ಟು 1960ರ ಜನವರಿ 1ರಂದು ನಮ್ಮ ಚರ್ಚ್‌ಗೇಟಿನ ಬ್ರೇಬೋರ್ನ್ ಕ್ರೀಡಾಂಗಣದಲ್ಲಿ ಆರಂಭವಾದಾಗ ಗೂಟಗಳ ಹಿಂದೆ ಕುಳಿತವನು ಇಪ್ಪತ್ತು ತುಂಬಿದ ಈ ಹುಡುಗ. ಅದುವರೆಗೆ ಅವನು ಒಂದೇ ಒಂದು ರಣಜಿ ಪಂದ್ಯವನ್ನೂ ಆಡಿದವನಲ್ಲ. ಕೈಗೆ ತೊಟ್ಟ ಗವಸುಗಳೂ ಸ್ವಂತದವಲ್ಲ, ಯಾರ ಸ್ಥಾನಕ್ಕೆ ತಾನು ಬಂದಿದ್ದನೋ ಆ ತಾಮ್ಹಾಣೆಯವರಿಂದಲೇ ಎರವಲು ಪಡೆದವು ಎಂಬುದು ಪ್ರಸಿದ್ಧವಾದ ಮಾತು. ಸ್ಥಾನ ಕಳೆದುಕೊಂಡವನು ಪಡೆದವನಿಗೆ ತನ್ನ ಹತ್ಯಾರನ್ನು ಕೊಟ್ಟು ಕಳುಹಿಸುವ ಔದಾರ್ಯವನ್ನು ನಾವು ತಾಮ್ಹಾಣೆಯವರ ಲೆಕ್ಕಕ್ಕೆ ಜಮಾ ಮಾಡಲೇಬೇಕು.

ಆ ಪಂದ್ಯದ ಹಿಂದಿನ ರಾತ್ರಿ ಮನೆಯ ಒಂದೇ ಖೋಲಿಯಲ್ಲಿ ಮಲಗಲು ಜಾಗ ಸಾಲದೆ, ಹತ್ತಿರದ ಉದ್ಯಾನವನದಲ್ಲಿ ಅವರು ನಿದ್ರಿಸಿದರೆಂದು ಅವರ ಜೀವನವನ್ನು ಬರೆದವರು ಹೇಳಿದ್ದಾರೆ. ಬೇರೆಯವರಿಗೆ ಇದು ದಂತಕಥೆಯಂತೆ ತೋರಬಹುದು. ಹೋಟೆಲು ಮುಚ್ಚಿದ ಬಳಿಕ ಮೇಜುಗಳನ್ನು ಜೋಡಿಸಿ, ಅದೂ ಸಾಲದಾಗ ಫುಟ್‌ಪಾತಿನ ಮೇಲೆ ಚಾಪೆ ಬಿಡಿಸಿ ಮಲಗಿದ ನಮ್ಮ ವಾಚಕರಿಗೆ ಇದರಲ್ಲಿ ನಂಬಲಾಗದ ಸಂಗತಿ ಯಾವುದೂ ಇಲ್ಲ. ಆಸ್ಟ್ರೇಲಿಯದ ಲಿಂಡ್ವಾಲ್, ಡೇವಿಡ್ಸನ್, ಮೆಕಿಫ್ ಇವರ ಚೆಂಡುಗಳನ್ನು ಎದುರಿಸಬೇಕಾದವನು ಮುನ್ನಾ ರಾತ್ರಿ ನಕ್ಷತ್ರಗಳನ್ನು ನೋಡುತ್ತ ಮಲಗಿದ್ದನೆಂಬುದನ್ನು ನೆನೆದಾಗ ಮಾತ್ರ ಮನಸ್ಸು ಒಂದಿಷ್ಟು ಭಾರವಾಗುತ್ತದೆ.

ಮೊದಲ ಸರದಿಯಲ್ಲಿ ಕುಂದರನ್ ತನ್ನ ಗೂಟಕ್ಕೆ ತಾನೇ ತಗಲಿ 'ಹಿಟ್ ವಿಕೆಟ್' ಆದರು. ಪಂದ್ಯ ಸಮವಾಯಿತು. ಶತಕ ಹೊಡೆದವರು ನರಿ ಕಂಟ್ರಾಕ್ಟರ್. ಆದರೆ ನಗರವೆಲ್ಲ ಆಡಿಕೊಂಡದ್ದು ಅಬ್ಬಾಸ್ ಅಲಿ ಬೇಗರಿಗೆ ಮೈದಾನದಲ್ಲೇ ಓಡಿಬಂದು ಮುತ್ತಿಟ್ಟ ಯುವತಿಯ ಸುದ್ದಿಯನ್ನು! ಮೂಲ್ಕಿಯ ಹುಡುಗನ ಎರವಲು ಗವಸಿಗೆ ಅಂದು ಯಾರೂ ಗಮನ ಕೊಟ್ಟಿರಲಾರರು.

ಗಮನ ಕೊಡಬೇಕಾದ ದಿನ ಬಹಳ ದೂರವೂ ಇರಲಿಲ್ಲ. ಅದೇ ತಿಂಗಳು ಮದರಾಸಿನಲ್ಲಿ ನಡೆದ ನಾಲ್ಕನೆಯ ಟೆಸ್ಟಿನಲ್ಲಿ ಅವರನ್ನು ಆರಂಭದ ಬ್ಯಾಟ್ಸಮನ್ನನಾಗಿ ಕಳುಹಿಸಿದರು. ಭಾರತದ ಒಟ್ಟು ಮೊತ್ತ 149. ಅದರಲ್ಲಿ ಕುಂದರನ್ ಒಬ್ಬರದೇ 71. ಎರಡನೆಯ ಸರದಿಯಲ್ಲಿ 33. ಭಾರತವು ಇನಿಂಗ್ಸ್ ಸೋಲನ್ನುಂಡಿತಾದರೂ, ಬೆನೋ ಅವರಂತಹ ಬೌಲರನ ಮುಂದೆ ಕೈಕಟ್ಟಿ ನಿಲ್ಲದ ಒಬ್ಬನಿದ್ದಾನೆಂದು ದೇಶಕ್ಕೆ ತಿಳಿಯಿತು. ಬಳಿಕ ರೈಲ್ವೆ ತಂಡದ ಪರವಾಗಿ ಆಡಿದ ತಮ್ಮ ಮೊತ್ತಮೊದಲ ರಣಜಿ ಪಂದ್ಯದಲ್ಲಿ ಜಮ್ಮು-ಕಾಶ್ಮೀರದ ಮೇಲೆ 205 ರನ್ನು! ಟೆಸ್ಟು ಮೊದಲು, ರಣಜಿ ಆಮೇಲೆ. ಬಡ್ತಿ ಮೊದಲು ಸಿಕ್ಕಿ ನೌಕರಿ ಆಮೇಲೆ ಸಿಕ್ಕಿದಂತಹ ವಿಚಿತ್ರವಿದು.

ವಿಕೆಟ್ ಕೀಪರನ ಕೆಲಸವನ್ನು ಹೋಟೆಲಿನವರಿಗೆ ವಿವರಿಸುವುದು ಸುಲಭ. ದಿನವಿಡೀ ಬಗ್ಗಿ ಎದ್ದು, ಬಗ್ಗಿ ಎದ್ದು, ನೂರಾರು ಚೆಂಡುಗಳನ್ನು ಸದ್ದಿಲ್ಲದೆ ಹಿಡಿದವನನ್ನು ಯಾರೂ ಹೊಗಳುವುದಿಲ್ಲ. ಒಂದು ಚೆಂಡು ಜಾರಿದರೆ ಸಾವಿರ ಕಣ್ಣುಗಳು ಅವನ ಮೇಲೆ. ಅನ್ನದಲ್ಲಿ ಕಲ್ಲು ಸಿಕ್ಕಿದ ದಿನ ಮಾತ್ರವೇ ಗಿರಾಕಿಯು ಅಡುಗೆ ಭಟ್ಟರು ಯಾರೆಂದು ಕೇಳುವುದಷ್ಟೆ. ಮೇಲಾಗಿ ತಂಡದಲ್ಲಿ ಬ್ಯಾಟ್ಸಮನ್ನರಿಗೆ ಆರು ಜಾಗಗಳಿದ್ದರೆ ಕೀಪರನಿಗೆ ಇರುವುದು ಒಂದೇ. ಆ ಒಂದು ಜಾಗಕ್ಕೆ 1961ರ ಡಿಸೆಂಬರಿನಲ್ಲಿ ಮುಂಬಯಿಯವರೇ ಆದ ಫರೋಕ್ ಇಂಜಿನಿಯರ್ ಬಂದರು. ಅವರೂ ಮಹಾ ಹೊಡೆತಗಾರರು, ನೋಡಲು ಸುಂದರರು, ಮುಂದೆ ಬ್ರಿಲ್‌ಕ್ರೀಮ್ ಜಾಹೀರಾತಿನಲ್ಲಿ ಮೆರೆದವರು. ಅಲ್ಲಿಂದ ಮುಂದಿನ ಆರು ವರ್ಷ ಇವರಿಬ್ಬರ ಕಥೆ ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯಿತು.

ಈಗ ಮುಖ್ಯ ಘಟ್ಟಕ್ಕೆ ಬರೋಣ. 1964ರ ಜನವರಿ 10. ಎಂ. ಜೆ. ಕೆ. ಸ್ಮಿತ್ ಅವರ ಇಂಗ್ಲೆಂಡು ತಂಡದೊಡನೆ ಮೊದಲ ಟೆಸ್ಟು, ಸ್ಥಳ ಮದರಾಸಿನ ಕಾರ್ಪೊರೇಶನ್ ಕ್ರೀಡಾಂಗಣ. ಇಂಜಿನಿಯರ್ ಆಡಲಾಗದೆ ಹೋದುದರಿಂದ ಕುಂದರನ್ನರಿಗೆ ಕರೆ ಬಂದಿತ್ತು. ಪಟೌಡಿಯ ನವಾಬರು ಅವರನ್ನು ಆರಂಭಕ್ಕೇ ಕಳುಹಿಸಿದರು. ಸಂಜೆ ಆಟ ನಿಂತಾಗ ಕುಂದರನ್ನರ ಹೆಸರಿನ ಮುಂದೆ 170 ರನ್ನು, ಇನ್ನೂ ಔಟಾಗಿಲ್ಲ. ಮರುದಿನ 192ಕ್ಕೆ ಅವರ ಆಟ ಮುಗಿಯಿತು. ಅದರಲ್ಲಿ ಬೌಂಡರಿಗಳೇ 31, ಅಂದರೆ 124 ರನ್ನುಗಳು ಓಡದೆಯೇ ಬಂದವು. ವಿಕೆಟ್ ಕೀಪರನೊಬ್ಬನು ಟೆಸ್ಟಿನಲ್ಲಿ ಅದಕ್ಕಿಂತ ಹೆಚ್ಚು ಹೊಡೆದುದು ಅದುವರೆಗೆ ಒಮ್ಮೆ ಮಾತ್ರ, 1955ರಲ್ಲಿ ಪಾಕಿಸ್ತಾನದ ಇಮ್ತಿಯಾಜ್ ಅಹಮದ್ ಅವರ 209. ಕುಂದರನ್ ಹುಟ್ಟಿದಾಗ ಮೂಲ್ಕಿಯು ಮದರಾಸು ಪ್ರಾಂತಕ್ಕೆ ಸೇರಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು. ತನ್ನ ಜನ್ಮಕಾಲದ ರಾಜಧಾನಿಯಲ್ಲಿ ಆತ ಕಂದಾಯವನ್ನು ಬಡ್ಡಿಸಹಿತ ವಸೂಲು ಮಾಡಿದಂತಾಯಿತು!

ಆದರೂ ಅದೃಷ್ಟದ ಆಟವನ್ನು ನೋಡಿರಿ. ಆ ಪಂದ್ಯವನ್ನು ಇಂದಿಗೂ ಜನ ಸ್ಮರಿಸುವುದು ಬಾಪು ನಾಡಕರ್ಣಿಯವರ ಬೌಲಿಂಗಿಗಾಗಿ. ಒಂದರ ಹಿಂದೊಂದು ಇಪ್ಪತ್ತೊಂದು ಓವರುಗಳನ್ನು ಅವರು ಒಂದೂ ರನ್ನು ಕೊಡದೆ ಎಸೆದರು. ಅವರ ಅಂದಿನ ಲೆಕ್ಕ 32 ಓವರು, 27 ಮೇಡನ್, 5 ರನ್ನು. ನಾಡಕರ್ಣಿಯವರ ಸಾಧನೆ ದೊಡ್ಡದೇ ಸರಿ. ಆ ಇಪ್ಪತ್ತೊಂದು ಓವರುಗಳೂ ನಡೆಯುವಾಗ ಗೂಟದ ಹಿಂದೆ ಬಗ್ಗಿ ಕುಳಿತು ಒಂದು 'ಬೈ' ಕೂಡ ದಾಟದಂತೆ ಕಾಯುವ ಹೊಣೆ ಹೊತ್ತವನು, ಅದೇ ಪಂದ್ಯದಲ್ಲಿ 192 ಹೊಡೆದವನು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಆ ಸರಣಿಯ ಐದು ಪಂದ್ಯಗಳೂ ಸಮವಾದುವು. ದಿಲ್ಲಿಯ ನಾಲ್ಕನೆಯ ಟೆಸ್ಟಿನಲ್ಲಿ ಪಟೌಡಿಯವರು ಔಟಾಗದೆ 203 ಹೊಡೆದರು. ಹನುಮಂತಸಿಂಗರು ಪ್ರಥಮ ಪ್ರವೇಶದಲ್ಲೇ 105 ಹೊಡೆದರು. ಕುಂದರನ್ 100. ಸರಣಿಯಲ್ಲಿ ಅವರ ಒಟ್ಟು ಗಳಿಕೆ 525. ಒಂದೇ ಸರಣಿಯಲ್ಲಿ ಐನೂರು ದಾಟಿದ ವಿಕೆಟ್ ಕೀಪರ್ ಅವರಿಗಿಂತ ಮುಂಚೆ ಯಾವ ದೇಶದಲ್ಲಿಯೂ ಇರಲಿಲ್ಲ.

ಇಷ್ಟಾದ ಮೇಲೆ ಅದೇ ವರ್ಷ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ತಂಡವು ಮತ್ತೆ ಬಂದಾಗ ಗೂಟದ ಹಿಂದೆ ಯಾರಿದ್ದರು? ಕುಂದರನ್ ಅಲ್ಲ, ಇಂಜಿನಿಯರರೂ ಅಲ್ಲ. ಜಾಮನಗರದ ರಾಜಮನೆತನದ ಇಂದ್ರಜಿತ್‌ಸಿಂಹಜಿಯವರು! ಕೀಪರನನ್ನು ಕೈಯ ಚುರುಕಿಗಾಗಿ ಆರಿಸಬೇಕು, ದಾಂಡಿಗಾಗಿ ಅಲ್ಲ ಎಂಬುದು ಆ ಕಾಲದ ಪಂಡಿತರ ವಾದ. ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ಆದರೆ ಎಂಟು ತಿಂಗಳ ಹಿಂದೆ 525 ರನ್ನು ತಂದವನಿಗೆ ಮುಂದಿನ ಎರಡು ವರ್ಷ ಒಂದೂ ಟೆಸ್ಟು ಸಿಗದಂತೆ ಮಾಡುವಷ್ಟು ಹುರುಳು ಅದರಲ್ಲಿತ್ತೇ? ವರ್ಷದುದ್ದಕ್ಕೂ ಗಲ್ಲಾ ತುಂಬಿಸಿದ ಸಪ್ಲಾಯರನನ್ನು ದೀಪಾವಳಿಯ ಮರುದಿನ ಊರಿಗೆ ಕಳುಹಿಸಿದ ಮಾಲೀಕನನ್ನು ನಮ್ಮವರು ಏನೆಂದು ಕರೆಯುತ್ತಾರೆಂಬುದನ್ನು ಇಲ್ಲಿ ಅಚ್ಚು ಹಾಕಲಾಗದು.

ಮತ್ತೆ ಕರೆ ಬಂದುದು 1966ರ ಡಿಸೆಂಬರಿನಲ್ಲಿ, ಮತ್ತೆ ಬ್ರೇಬೋರ್ನಿನಲ್ಲೇ, ಸೋಬರ್ಸರ ವೆಸ್ಟ್ ಇಂಡೀಸ್ ವಿರುದ್ಧ. ಮೈಸೂರಿನ ಚಂದ್ರಶೇಖರ್ ಹನ್ನೊಂದು ವಿಕೆಟ್ ಕಿತ್ತ ಪಂದ್ಯವದು. ಎರಡನೆಯ ಸರದಿಯಲ್ಲಿ ಕುಂದರನ್ ಬೀಸಿ ಬೀಸಿ 79 ಹೊಡೆದರು. ಸೋಲು ತಪ್ಪಲಿಲ್ಲ. ಕಲಕತ್ತೆಯ ಟೆಸ್ಟಾದ ಬಳಿಕ ಮದರಾಸಿಗೆ ಇಂಜಿನಿಯರ್ ಬಂದು, ಊಟದ ವಿರಾಮಕ್ಕೆ ಮುನ್ನವೇ 94 ಹೊಡೆದು ತಕ್ಕಡಿಯನ್ನು ತಮ್ಮ ಕಡೆಗೆ ಎಳೆದುಕೊಂಡುಬಿಟ್ಟರು. ಅದಕ್ಕೂ ಮಿಗಿಲಾಗಿ ಯಾರು ಏನು ಮಾಡಬಲ್ಲರು? ಇಂಜಿನಿಯರರನ್ನು ನಾವು ದೂಷಿಸಲಾರೆವು.

1967ರ ಇಂಗ್ಲೆಂಡು ಪ್ರವಾಸದಲ್ಲಿ ಕುಂದರನ್ನರಿಗೆ ಬರಿಯ ಬ್ಯಾಟ್ಸಮನ್ನನ ಸ್ಥಾನ. ಲಾರ್ಡ್ಸ್ ಮೈದಾನದಲ್ಲಿ ಭಾರತವು ಎರಡನೆಯ ಸರದಿಯಲ್ಲಿ 110ಕ್ಕೆ ಕುಸಿದಾಗ ಅವರದು 47, ಎಲ್ಲರಿಗಿಂತ ಹೆಚ್ಚು. ಬರ್ಮಿಂಗ್‌ಹಾಮಿನ ಮೂರನೆಯ ಟೆಸ್ಟಿನಲ್ಲಂತೂ ಒಂದು ತಮಾಷೆಯೇ ನಡೆಯಿತು. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್, ನಾಲ್ವರೂ ಸ್ಪಿನ್ನರುಗಳು ತಂಡದಲ್ಲಿ. ಹೊಸ ಚೆಂಡನ್ನು ಎಸೆಯಲು ಒಬ್ಬ ವೇಗದವನೂ ಇಲ್ಲ! ಮೈಸೂರಿನ ಸುಬ್ರಹ್ಮಣ್ಯ ಅವರೊಡನೆ ಹೊಸ ಚೆಂಡನ್ನು ಹಂಚಿಕೊಂಡವರು ಕುಂದರನ್. ಯಾವ ಬಗೆಯ ಬೌಲಿಂಗು ಮಾಡುವಿರಿ, ಅದಕ್ಕೆ ತಕ್ಕಂತೆ ಫೀಲ್ಡರುಗಳನ್ನು ನಿಲ್ಲಿಸುವೆ ಎಂದು ಪಟೌಡಿಯವರು ಕೇಳಿದರಂತೆ. ಅದು ತಮಗೇ ಇನ್ನೂ ತಿಳಿಯದೆಂದು ಇವರು ಉತ್ತರಿಸಿದರಂತೆ. ನಾಲ್ಕು ಓವರು ಎಸೆದು ಚೆಂಡನ್ನು ಸ್ಪಿನ್ನರುಗಳಿಗೆ ಒಪ್ಪಿಸಿದರು. ಅದೇ ಅವರ ಕಡೆಯ ಟೆಸ್ಟು. ವಯಸ್ಸು ಇಪ್ಪತ್ತೇಳು ದಾಟಿರಲಿಲ್ಲ. ಹದಿನೆಂಟು ಟೆಸ್ಟುಗಳಲ್ಲಿ 981 ರನ್ನು, ಎರಡು ಶತಕ, 23 ಕ್ಯಾಚು, 7 ಸ್ಟಂಪಿಂಗು. ಸಾವಿರಕ್ಕೆ ಹತ್ತೊಂಬತ್ತೇ ಕಡಿಮೆ. ಮುಂಬಯಿಯ ಮೊದಲ ಟೆಸ್ಟಿನ ಆ ಹಿಟ್ ವಿಕೆಟ್ ಒಂದು ತಪ್ಪಿದ್ದರೆ ಎಂದು ಲೆಕ್ಕದ ಗುಮಾಸ್ತರು ಕೈಹಿಸುಕಿಕೊಳ್ಳಬಹುದು.

1960ರ ದಶಕದ ಉತ್ತರಾರ್ಧದಲ್ಲಿ ಅವರು ರೈಲ್ವೆಯನ್ನು ಬಿಟ್ಟು ಮೈಸೂರು ರಾಜ್ಯದ ಪರವಾಗಿ ರಣಜಿ ಆಡಿದರು. ಹೀಗೆ ನಾಡಿನ ಋಣವೊಂದು ಸಂದಿತು. ಆದರೆ ಅಂದಿನ ಭಾರತದಲ್ಲಿ ಆಟವೊಂದೇ ಯಾರಿಗೂ ಬಾಳುವೆಯಾಗಿರಲಿಲ್ಲ. ಟೆಸ್ಟು ಆಡಿದವನೂ ಕಚೇರಿಯಲ್ಲೋ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಹಾಜರಿ ಹಾಕಿಯೇ ಬದುಕಬೇಕಿತ್ತು. ಬ್ರಿಟನ್ನಿನ ಲೀಗುಗಳಲ್ಲಿ ಹಾಗಲ್ಲ. ಅಲ್ಲಿಯ ಕ್ಲಬ್ಬು ಹೊರಗಿನಿಂದ ಒಬ್ಬ ಆಟಗಾರನನ್ನು ಸಂಬಳಕ್ಕೆ ಗೊತ್ತುಮಾಡಿಕೊಳ್ಳುತ್ತದೆ. ಅವನು ಶನಿವಾರ ಪಂದ್ಯ ಆಡಬೇಕು, ಉಳಿದ ದಿನ ಊರಿನ ಹುಡುಗರಿಗೆ ಕಲಿಸಬೇಕು. ಲ್ಯಾಂಕಶೈರಿನಲ್ಲಿ ಅವನು ಐವತ್ತು ರನ್ನು ಹೊಡೆದರೆ ಪ್ರೇಕ್ಷಕರ ನಡುವೆ ಡಬ್ಬಿ ಹಿಡಿದು ಬಕ್ಷೀಸು ಕೂಡಿಸುವ ಪದ್ಧತಿಯೂ ಉಂಟು. ನಮ್ಮ ಅಮರಸಿಂಗರು ಕೋಲ್ನ್ ಕ್ಲಬ್ಬಿಗೆ, ಲಾಲಾ ಅಮರನಾಥರು ನೆಲ್ಸನ್ನಿಗೆ, ವಿನೂ ಮಾಂಕಡರು ಹಾಸ್ಲಿಂಗ್ಡನ್ನಿಗೆ ಇದೇ ರೀತಿ ಆಡಿದವರು.

ಕುಂದರನ್ ಹೋದುದು ಇನ್ನೂ ಉತ್ತರಕ್ಕೆ, ಸ್ಕಾಟ್ಲೆಂಡಿಗೆ. ಗ್ಲಾಸ್ಗೋ ನಗರದ ಬಳಿ ಕೋಟ್‌ಬ್ರಿಜ್ ಎಂಬಲ್ಲಿ ಡ್ರಂಪೆಲಿಯರ್ ಕ್ಲಬ್ಬು. 1970ರ ಸುಮಾರಿಗೆ ಅಲ್ಲಿಗೆ ವೃತ್ತಿ ಆಟಗಾರನಾಗಿ ಸೇರಿದವರು ಅಲ್ಲಿಯೇ ನೆಲೆಯೂರಿದರು. ನಲವತ್ತು ದಾಟಿದ ಮೇಲೆ, 1980ರ ದಶಕದ ಆರಂಭದಲ್ಲಿ, ಸ್ಕಾಟ್ಲೆಂಡಿನ ತಂಡಕ್ಕೂ ಆರಿಸಲ್ಪಟ್ಟು ಬೆನ್ಸನ್ ಅಂಡ್ ಹೆಜಸ್ ಕಪ್ಪಿನ ಪಂದ್ಯಗಳಲ್ಲಿ ಆಡಿದರು. ಇತ್ತ ಅವರ ಪ್ರತಿಸ್ಪರ್ಧಿ ಇಂಜಿನಿಯರ್ 1968ರಲ್ಲಿ ಲ್ಯಾಂಕಶೈರ್ ಕೌಂಟಿಯನ್ನು ಸೇರಿ ಇಂಗ್ಲೆಂಡಿನಲ್ಲೇ ಮನೆ ಮಾಡಿದರು. ಮುಂಬಯಿಯ ಮೈದಾನಗಳಲ್ಲಿ ಬೆಳೆದ ಇಬ್ಬರು ಕೀಪರರಿಗೂ ಅನ್ನದ ಋಣ ಸಮುದ್ರದಾಚೆಗೆ ಬರೆದಿತ್ತು.

2006ರ ಜೂನ್ 23ರಂದು ಗ್ಲಾಸ್ಗೋ ನಗರದಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗದಿಂದ ಕುಂದರನ್ ತೀರಿಕೊಂಡರು. ಆಗ ಅವರಿಗೆ ಅರುವತ್ತಾರು ವರ್ಷ. ಭಾರತೀಯ ವಿಕೆಟ್ ಕೀಪರನೊಬ್ಬನ ಅತ್ಯಧಿಕ ಮೊತ್ತ ಅಂದೂ ಅವರ 192 ಆಗಿಯೇ ಉಳಿದಿತ್ತು. ಕಿರ್ಮಾನಿ, ಮೋರೆ, ಮೋಂಗಿಯಾ ಮೊದಲಾದವರು ಬಂದು ಹೋದರೂ ಅದು ಅಲುಗಲಿಲ್ಲ. ಆ ಅಂಕವನ್ನು ದಾಟಿದವರು ಮಹೇಂದ್ರಸಿಂಗ್ ಧೋನಿ, ಆಸ್ಟ್ರೇಲಿಯದ ವಿರುದ್ಧ 224 ರನ್ನು ಹೊಡೆದು, 2013ರ ಫೆಬ್ರವರಿಯಲ್ಲಿ, ಅದೇ ಮದರಾಸು ಪಟ್ಟಣದಲ್ಲಿ.